ಜಾಗತೀಕರಣದ ಬಗ್ಗೆ ಕೇಳುವ ಮೊದಲು ಕೆಲಸದ ಬಗ್ಗೆ ಕೇಳಿ

ಜನರ ಅಭಿಪ್ರಾಯ ತಿಳಿಯಬೇಕಿದ್ದರೆ, ಜಾಗತೀಕರಣ ಬೇಕಾ ಬೇಡವಾ ಅಂತ ಅವರನ್ನು ನೇರವಾಗಿ ಕೇಳಬೇಡಿ. ಅವರ ಬದುಕು ಯಾವ ಸರಕಿನ ಮೇಲೆ ನಿಂತಿದೆ ಅಂತ ಮೊದಲು ಕೇಳಿ.

ಶಿಡ್ಲಘಟ್ಟವನ್ನೇ ತಗೊಳ್ಳಿ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಬಿತ್ತು. ಹಿಪ್ಪುನೇರಳೆ ಬೆಳೆದು ಹುಳ ಸಾಕುವ ರೈತ, ಗೂಡು ಕೊಂಡು ನೂಲು ಬಿಚ್ಚಿಸುವ ರೀಲರ್, ಅವನ ಘಟಕದಲ್ಲಿ ಬಿಸಿನೀರಲ್ಲಿ ನೆಂದ ಗೂಡಿನಿಂದ ಎಳೆ ಹಿಡಿದು ಕೊಡುವ ಹೆಂಗಸು, ಇವರೆಲ್ಲರ ನಷ್ಟ ಒಂದೇ. ಮಾಲೀಕ, ಕೂಲಿ ಅಂತ ಭೇದವಿಲ್ಲ. ನೇಕಾರನಿಗೆ ಮಾತ್ರ ಅದೇ ನೂಲು ಕಚ್ಚಾಮಾಲು, ಅಗ್ಗವಾದಷ್ಟೂ ಒಳ್ಳೇದು. ಕೈಯಲ್ಲಿರುವ ಕಸುಬನ್ನು ಬಿಟ್ಟು ಬೇರೆಡೆ ಹೋಗಲು ಆಗದವರು ತಮ್ಮ ಉದ್ಯಮದ ಜೊತೆಗೇ ಏಳುತ್ತಾರೆ, ಬೀಳುತ್ತಾರೆ ಅನ್ನುವುದು ಒಂದು ಸಿದ್ಧಾಂತ.

ಹಾಗಾಗಿ ಎರಡನೇ ಪ್ರಶ್ನೆ: ಈ ಕೆಲಸ ಬಿಟ್ಟರೆ ಬೇರೆ ಸಿಗುತ್ತಾ? ಸಿಗುತ್ತದೆ ಅನ್ನುವವರಿಗೆ 1941ರಲ್ಲಿ ಅರ್ಥಶಾಸ್ತ್ರಜ್ಞರಾದ ಸ್ಟೋಲ್ಪರ್, ಸ್ಯಾಮ್ಯುಯೆಲ್ಸನ್ ಹೇಳಿದ ಲೆಕ್ಕ ಹೊಂದುತ್ತದೆ. ಅದರಲ್ಲಿ ಉದ್ಯಮ ಮುಖ್ಯವಲ್ಲ, ದೇಶದಲ್ಲಿ ಯಾವುದು ಹೇರಳವಾಗಿದೆ ಅನ್ನುವುದು ಮುಖ್ಯ: ಹೇರಳವಾಗಿರುವುದಕ್ಕೆ ವಿದೇಶಿ ವ್ಯಾಪಾರದಿಂದ ಲಾಭ, ಕಡಿಮೆ ಇರುವುದಕ್ಕೆ ನಷ್ಟ. ಅಮೆರಿಕದಲ್ಲಿ ಓದಿದವರು ಹೇರಳ, ಆದ್ದರಿಂದ ವ್ಯಾಪಾರ ತೆರೆದರೆ ಕಡಿಮೆ ಓದಿದವರಿಗೆ ಪೆಟ್ಟು. ಅಲ್ಲಿ ಅವರೇ ಜಾಸ್ತಿ ವಿರೋಧಿಸುತ್ತಾರೆ ಅಂತ ಸಂಶೋಧಕರಾದ ಷೀವ್ ಮತ್ತು ಸ್ಲಾಟರ್ 2001ರಲ್ಲಿ ತೋರಿಸಿದರು. ನಮ್ಮಲ್ಲಿ ಕೆಲಸ ಮಾಡುವ ಕೈಗಳೇ ಹೇರಳ. ಹಾಗಾದರೆ ಕೋಲಾರದ ನರಸಾಪುರದ ಕಾರ್ಖಾನೆಯಲ್ಲಿ ರಫ್ತಿಗೆ ಫೋನ್ ಜೋಡಿಸುವ ಹುಡುಗಿಗೆ ಲಾಭ ಆಗಬೇಕು, ಅವಳು ಜಾಗತೀಕರಣದ ಪರ ಇರಬೇಕು ಅಲ್ವಾ?

ಈ ಲೆಕ್ಕವನ್ನು ಪೂರ್ತಿ ನಂಬಿಬಿಡಬೇಡಿ. 1991ರ ನಂತರ ಭಾರತದಲ್ಲಿ ಹೆಚ್ಚು ಏರಿದ್ದು ಓದಿದವರ ಸಂಬಳವೇ, ಸಿದ್ಧಾಂತ ಹೇಳಿದ್ದಕ್ಕೆ ಉಲ್ಟಾ.

ಒಂದೇ ಮನೆಯಲ್ಲಿ ಅಮ್ಮ ರೀಲಿಂಗ್ ಘಟಕಕ್ಕೂ ಮಗಳು ಫೋನ್ ಕಾರ್ಖಾನೆಗೂ ಹೋಗುತ್ತಿದ್ದರೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಮನೆಯ ಅಭಿಪ್ರಾಯ ಒಂದೇ ಅಂದುಕೊಳ್ಳಬೇಡಿ. ಮಗಳಿಗೆ ಕೆಲಸ ಬದಲಿಸುವ ವಯಸ್ಸಿದೆ. ಐವತ್ತು ದಾಟಿದ ಅಮ್ಮನನ್ನು ಯಾವ ಕಾರ್ಖಾನೆ ತಗೊಳ್ಳುತ್ತದೆ?

ಅಮ್ಮನಿಗೆ ಮಾತ್ರ ದಯವಿಟ್ಟು "ಒಟ್ಟಾರೆ ದೇಶಕ್ಕೆ ಲಾಭ" ಅಂತ ಸುಮ್ನೆ ಹೇಳಬೇಡಿ. ಗೆದ್ದವರ ಲಾಭದಿಂದ ಸೋತವರಿಗೆ ಪರಿಹಾರ ಕೊಡಬಹುದು ಅಂತಷ್ಟೇ ಸಿದ್ಧಾಂತ ಹೇಳುತ್ತದೆ. ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಅಂತ ಅವರು ಕೇಳಿದರೆ ಅದಕ್ಕೆ ಸರ್ಕಾರವೇ ಉತ್ತರ ಕೊಡಬೇಕು.