ಹಳೆಯ ಕ್ರೀಡಾ ಜಾಕೆಟ್ ಕೊಳ್ಳುವ ಮುನ್ನ ಒಳಗಿನ ಲೇಬಲ್ ಓದಿ

ಗೆಳೆಯರೇ, ಕಾರವಾರದಲ್ಲಿ ಹಳೆಯ ಕ್ರೀಡಾ ಉಡುಪು ಸಂಗ್ರಹಿಸುವವರು ಈಚೆಗೆ ಹೆಚ್ಚಾಗಿರುವುದರಿಂದ, ಅಡಿಡಾಸ್ ಜಾಕೆಟ್‌ಗಳ ಬಗ್ಗೆ ನಾನು ಪಾಲಿಸುವ ಕ್ರಮವನ್ನು ತಿಳಿಸುತ್ತಿದ್ದೇನೆ.

ಎದೆಯ ಮೇಲಿನ ಚಿಹ್ನೆಯೊಂದನ್ನೇ ನಂಬಬೇಡಿ. ಮೂರೆಲೆಯ ಚಿಹ್ನೆಯು 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಹೊತ್ತಿಗೆ ಬಳಕೆಗೆ ಬಂದದ್ದು ನಿಜವಾದರೂ, ಕಂಪನಿಯು ಅದನ್ನೇ ಇಂದಿನ ‘ಒರಿಜಿನಲ್ಸ್’ ಎಂಬ ಸಾಲಿನ, ಹಳೆಯ ವಿನ್ಯಾಸಗಳ ಮರುಬಿಡುಗಡೆಗಳಲ್ಲೂ ಬಳಸುತ್ತಿರುವುದರಿಂದ, ಅದು ಉಡುಪಿನ ವಯಸ್ಸನ್ನು ಹೇಳಲಾರದು. ವಯಸ್ಸು ತಿಳಿಯುವುದು ಒಳಗಿನ ಲೇಬಲ್‌ನಿಂದ. ಪಶ್ಚಿಮ ಜರ್ಮನಿಯಲ್ಲಿ ತಯಾರಾದದ್ದೆಂಬ ಬರಹವಿದ್ದರೆ, 1990ರ ಅಕ್ಟೋಬರ್‌ನಲ್ಲಿ ಜರ್ಮನಿ ಒಂದಾದದ್ದರಿಂದ, ಅದು ಸಾಮಾನ್ಯವಾಗಿ ಅದಕ್ಕೂ ಹಿಂದಿನದು. ಆದರೆ ಆ ಲೇಬಲ್ಲನ್ನು ಬೇರೆ ದಾರದಿಂದ ಮರುಹೊಲಿದಿರಬಹುದಾದ್ದರಿಂದ, ಹೊಲಿಗೆಯ ರಂಧ್ರಗಳನ್ನು ಬೆಳಕಿಗೆ ಹಿಡಿದು ನೋಡಿ. ಪಕ್ಕದ ಹೊಲಿಗೆಯಲ್ಲಿರುವ ಒಗೆತದ ಪಟ್ಟಿಯಲ್ಲಿ (ಒಗೆಯುವ ಸೂಚನೆಗಳಿರುವ ಚೀಟಿಯಲ್ಲಿ) ಕ್ಯೂಆರ್ ಕೋಡ್ ಕಂಡರೆ, ಆ ಜಾಕೆಟ್ 1980ರ ದಶಕದ್ದಾಗಿರಲು ಸಾಧ್ಯವಿಲ್ಲ, ಏಕೆಂದರೆ ಆ ಕೋಡ್ ರೂಪುಗೊಂಡದ್ದೇ 1994ರಲ್ಲಿ. ಇದು ನಕಲಿಯೆಂದಲ್ಲ; ಅಸಲಿ ಮರುಬಿಡುಗಡೆಯೂ ಒಳ್ಳೆಯ ಉಡುಪೇ, ಆದರೆ ಹಳೆಯದರ ಬೆಲೆ ತೆರಬೇಕಾಗಿಲ್ಲ.

ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಹೊಸ ಲೋಹದ ಜಿಪ್ ಕೂಡ ಬೇಗ ಕಪ್ಪಾಗುತ್ತದೆ, ಮಳೆಗಾಲದಲ್ಲಿ ಹತ್ತಿಯ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ತುಕ್ಕನ್ನೂ ಕಲೆಯನ್ನೂ ಹಳೆತನದ ಸಾಕ್ಷಿಯೆಂದು ಎಣಿಸಬೇಡಿ. ದೂರದ ಮಾರಾಟಗಾರರಿಂದ ತರಿಸುವುದಾದರೆ, ಹಣ ಕಳಿಸುವ ಮೊದಲೇ ಕತ್ತಿನ ಲೇಬಲ್, ಒಗೆತದ ಪಟ್ಟಿಯ ಎರಡೂ ಬದಿ, ಜಿಪ್‌ನ ಹಿಡಿ ಮತ್ತು ಒಳಹೊಲಿಗೆಯ ಸ್ಪಷ್ಟ ಚಿತ್ರಗಳನ್ನು ಕೇಳಿ ಪಡೆಯಿರಿ.