ಪೆನ್‌ಡ್ರೈವಿನಲ್ಲಿ ಒಂದು ಇಳಕಲ್ ಸೀರೆ: ಲ್ಯಾಪ್‌ಟಾಪ್ ಪರದೆ, ಬ್ಯಾಟರಿ ನೋಡಿ ಖರೀದಿಸುವ ಬಗೆ

ಹುಬ್ಬಳ್ಳಿಯಲ್ಲಿ ಕೊಪ್ಪಿಕರ್ ರಸ್ತೆಯಿಂದ ವಿದ್ಯಾನಗರದವರೆಗೆ ಯಾವ ಅಂಗಡಿಗೆ ಲ್ಯಾಪ್‌ಟಾಪ್ ನೋಡಲು ಹೋದರೂ ಕಿಸೆಯಲ್ಲಿ ಒಂದು ಪೆನ್‌ಡ್ರೈವ್ ಇರಲಿ. ಅದರಲ್ಲಿ ಎರಡು ಫೈಲ್ ಸಾಕು: ಹಗಲು ಬೆಳಕಿನಲ್ಲಿ ತೆಗೆದ ಇಳಕಲ್ ಸೀರೆಯ ಫೋಟೊ, ಸಣ್ಣ ಅಕ್ಷರದ ಒಂದು ಕನ್ನಡ ಪುಟ. ಸೀರೆ ನಿಮ್ಮ ಮನೆಯದ್ದೇ ಆಗಿರಲಿ, ಅದರ ನಿಜವಾದ ಬಣ್ಣ ನಿಮ್ಮ ಕಣ್ಣಿಗೆ ಗೊತ್ತಿರುತ್ತದೆ.

ನಾನು ಮದುವೆ ಆಲ್ಬಮ್ ವಿನ್ಯಾಸ ಮಾಡುವವಳು. ಅಗ್ಗದ ಪರದೆಯಲ್ಲಿ ಇಳಕಲ್ ಸೀರೆಯ ಟೋಪ್‌ತೆನಿ ಸೆರಗಿನ ಕೆಂಪು ಮಾಸಿದ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಿಕೊಂಡು ಬಣ್ಣ ತಿದ್ದಿದರೆ ಮುದ್ರಣವಾಗಿ ಬಂದ ಸೀರೆ ಕಣ್ಣಿಗೆ ರಾಚುತ್ತದೆ. ಎರಡು ಲ್ಯಾಪ್‌ಟಾಪ್‌ಗಳನ್ನು ಪಕ್ಕಪಕ್ಕ ಇರಿಸಿ, ಬೆಳಕನ್ನು ಸಮ ಮಾಡಿ, ಪರದೆಯನ್ನು ಹಳದಿಯಾಗಿಸುವ ‘ನೈಟ್ ಲೈಟ್’ ಆಫ್ ಮಾಡಿ ಅದೇ ಫೋಟೊ ತೆರೆಯಿರಿ. ಆಮೇಲೆ ಕನ್ನಡ ಪುಟ: ‘ರಾಷ್ಟ್ರ’, ‘ಲಕ್ಷ್ಮಿ’ ಪದಗಳ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡರೆ ಅದು ದಿನವಿಡೀ ಓದುವ ಪರದೆಯಲ್ಲ. ಕೊನೆಗೆ, ಕೇಳಲು ಸಂಕೋಚ ಬೇಡ, ಲ್ಯಾಪ್‌ಟಾಪನ್ನು ಅಂಗಡಿಯ ಬಾಗಿಲ ಹತ್ತಿರ ಬಿಸಿಲ ಬೆಳಕಿಗೆ ತರಿಸಿ ನೋಡಿ.

ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎನ್ನುವುದಕ್ಕೆ ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎಂಬ ಎರಡು ಅಳತೆಗಳಿವೆ. ವಿವರಪಟ್ಟಿಯಲ್ಲಿ ‘ಶೇ 45 ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣದ ಕೆಲಸಕ್ಕೆ ಬೇಡ. ‘ಶೇ 100 ಎಸ್‌ಆರ್‌ಜಿಬಿ’ ಇರಬೇಕು. ಪರದೆಯ ಬೆಳಕು ಕನಿಷ್ಠ 300 ನಿಟ್ಸ್ (ಬೆಳಕಿನ ಅಳತೆ) ಇರಲಿ. ಒಂದೇ ಹೆಸರಿನ ಮಾದರಿಗೆ ಬೇರೆ ಬೇರೆ ಪರದೆ ಹಾಕಿ ಮಾರುವುದುಂಟು, ಆದ್ದರಿಂದ ಪೂರ್ತಿ ಮಾದರಿ ಸಂಖ್ಯೆ ಹಿಡಿದು ವಿಚಾರಿಸಿ.

ಇನ್ನು ಬ್ಯಾಟರಿ. ಪೆಟ್ಟಿಗೆಯ ಮೇಲಿನ ‘15 ತಾಸು’ ಸಾಮಾನ್ಯವಾಗಿ ಬೆಳಕು ತಗ್ಗಿಸಿ ವಿಡಿಯೊ ಓಡಿಸಿದ ಲೆಕ್ಕ. ನೀವು ನೋಡಬೇಕಾದದ್ದು ವ್ಯಾಟ್ ಅವರ್, ಅಂದರೆ ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ. 50 ವ್ಯಾಟ್ ಅವರ್ ಬ್ಯಾಟರಿಯ ಯಂತ್ರ ಸರಾಸರಿ 8 ವ್ಯಾಟ್ ಎಳೆದರೆ 6 ತಾಸು ಚಿಲ್ಲರೆ ಬರುತ್ತದೆ. ಪರದೆಯ ಬೆಳಕು ಏರಿಸಿ, ನಾಲ್ಕಾರು ತಂತ್ರಾಂಶ ತೆರೆದು ಅದು 12 ವ್ಯಾಟ್‌ಗೆ ಹೋದರೆ 4 ತಾಸಿಗೆ ಮುಗಿಯಿತು.

ಪರದೆ ಮತ್ತು ಬ್ಯಾಟರಿಯ ಜಗಳ ಇರುವುದು ಇಲ್ಲೇ. 2880×1800 ಬಿಂದುಗಳ (ಪಿಕ್ಸೆಲ್) ಪರದೆ, ಸೆಕೆಂಡಿಗೆ 120 ಸಲ ಚಿತ್ರ ಹೊಸದಾಗಿಸುವ 120 ಹರ್ಟ್ಸ್ ವೇಗ, ಎರಡೂ ವಿದ್ಯುತ್ ತಿನ್ನುತ್ತವೆ. ಬ್ಯಾಟರಿಯಲ್ಲಿ ನಡೆಸುವಾಗ 60 ಹರ್ಟ್ಸ್‌ಗೆ ಇಳಿಸಿಕೊಳ್ಳಬಹುದು. ಪ್ರತಿ ಬಿಂದುವೂ ತಾನೇ ಬೆಳಗುವ ಓಎಲ್‌ಇಡಿ ಪರದೆಯ ಕಪ್ಪು ನಿಜಕ್ಕೂ ಸುಂದರ. ಕಪ್ಪು ಇರುವಲ್ಲಿ ಅದರ ಬಿಂದುಗಳು ಆರಿಯೇ ಇರುತ್ತವೆ. ಆದರೆ ಬಿಳಿ ಪುಟ ತೆರೆದಾಗ ಎಲ್ಲ ಬಿಂದುಗಳೂ ಉರಿಯಬೇಕು. ಇಡೀ ದಿನ ಟಿಪ್ಪಣಿ ಬರೆಯುವವರಿಗೆ ಹಿಂದಿನಿಂದ ಬೆಳಕು ಬೀಳುವ ಎಲ್‌ಸಿಡಿ ಬಗೆಯ ಒಳ್ಳೆಯ ಐಪಿಎಸ್ ಪರದೆಯೇ ಮೇಲು.

ಧಾರವಾಡದಲ್ಲಿ ಓದುವ ನನ್ನ ತಂಗಿಯ ಮಗಳಿಗೆ ಹಾಗೆಯೇ ಆರಿಸಿದೆವು. ಬೆಳಿಗ್ಗೆ ಚಿಗರಿ ಬಸ್ ಹತ್ತಿದರೆ ಅವಳು ಮನೆಗೆ ಬರುವುದು ಸಂಜೆ. ತರಗತಿಯಲ್ಲಿ ಪ್ಲಗ್ ಇರುವುದು ಗೋಡೆಯ ಪಕ್ಕದ ಬೆಂಚಿನವರಿಗೆ ಮಾತ್ರ. ಅದೇ ಬೆಲೆಗೆ ಸಿಗುತ್ತಿದ್ದ ಓಎಲ್‌ಇಡಿ ಬಿಟ್ಟು, 1920×1200ರ 300 ನಿಟ್ಸ್ ಐಪಿಎಸ್ ಪರದೆ, 70 ವ್ಯಾಟ್ ಅವರ್ ಬ್ಯಾಟರಿ ಇರುವುದನ್ನು ಕೊಂಡೆವು. ನನ್ನ ಮೇಜಿಗೆ ಪ್ಲಗ್ ಇದೆ, ಇನ್ವರ್ಟರ್ ಇದೆ. ನಾನು ಹಣವನ್ನೆಲ್ಲ ಪರದೆಗೆ ಸುರಿದೆ.

ಯಾರೇ ಆಗಲಿ, ಮೇಲೆ ಹೇಳಿದ ಕನಿಷ್ಠಕ್ಕಿಂತ ಕೆಳಗಿನ ಪರದೆಯನ್ನು ಬ್ಯಾಟರಿಯ ಆಸೆಗೆ ಒಪ್ಪಬೇಡಿ. ಸವೆದ ಬ್ಯಾಟರಿಯನ್ನು ಮೂರ್ನಾಲ್ಕು ವರ್ಷಕ್ಕೆ ಬದಲಾಯಿಸಬಹುದು. ಪರದೆ ಮಾತ್ರ ಲ್ಯಾಪ್‌ಟಾಪ್ ಇರುವವರೆಗೂ ಅದೇ. ಹೊಸ ಬ್ಯಾಟರಿಗೆ ಎಷ್ಟಾಗುತ್ತದೆ ಎಂದು ಸೇವಾ ಕೇಂದ್ರಕ್ಕೆ ಮೊದಲೇ ಫೋನ್ ಮಾಡಿ ಕೇಳಿ. ಬ್ಯಾಟರಿಯ ವಾರಂಟಿ ಯಂತ್ರದ ವಾರಂಟಿಗಿಂತ ಕಡಿಮೆ ಇರಬಹುದು, ಅದನ್ನೂ ಓದಿ. ಬಿಲ್ ಮಾಡಿಸುವ ಮುನ್ನ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರಗಳನ್ನು ಪರದೆ ತುಂಬ ಹಾಕಿಸಿ, ಸತ್ತ ಬಿಂದುಗಳಿವೆಯೇ ಎಂದು ಮೂಲೆಮೂಲೆಯನ್ನೂ ನೋಡಿ.