ಏಳು ಲಕ್ಷ ವರಹದ ಬೆನ್ನು ಹತ್ತಿ

ಮಂಡ್ಯದಲ್ಲಿ ಪದವಿ ತರಗತಿಗಳಿಗೆ ಇತಿಹಾಸ ಪಾಠ ಮಾಡುವ ನನ್ನನ್ನು ಬಹುಕಾಲದಿಂದ ಕಾಡಿದ ಸಂಗತಿ ಒಂದಿದೆ. ನಮ್ಮ ಕಡೆ ವಸಾಹತುಶಾಹಿಯ ಮಾತು ಬಂದರೆ ಅದು 1799ರ ಮೇ 4ಕ್ಕೆ ಬಂದು ನಿಂತುಬಿಡುತ್ತದೆ. ಟಿಪ್ಪು ಮಡಿದ, ಕೋಟೆ ಬಿತ್ತು. ಆಮೇಲೆ ಒಡೆಯರು, ಮಾದರಿ ಸಂಸ್ಥಾನ, ಕನ್ನಂಬಾಡಿ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಜಗಳವಾಡುತ್ತ ಕೋಟೆಯ ಬಾಗಿಲಲ್ಲೇ ಉಳಿಯುತ್ತಾರೆ. ಆಮೇಲಿನ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿ ಎಲ್ಲಿತ್ತು, ಏನು ಪಡೆಯಿತು ಎಂದು ಯಾರೂ ಕೇಳುವುದಿಲ್ಲ. ಸಿಂಹಾಸನದ ಮೇಲೆ ನಮ್ಮ ಅರಸರೇ ಕುಳಿತಿದ್ದ ನಾಡಿನಲ್ಲಿ ಸಾಮ್ರಾಜ್ಯವನ್ನು ಹುಡುಕುವುದು ಹೇಗೆ? ನಾನು ಹಣದ ಜಾಡು ಹಿಡಿದೆ.

ಶುರು ಮಾಡಿದ್ದು 1799ರ ಜುಲೈ ತಿಂಗಳ ಸಹಾಯಕ ಸೈನ್ಯ ಒಪ್ಪಂದದಿಂದ, ಅಂದರೆ ಕಂಪನಿಯ ಸೈನ್ಯದ ಖರ್ಚನ್ನು ಸಂಸ್ಥಾನ ಹೊರುವ ಕರಾರಿನಿಂದ. ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಮಗು. ಆ ಮಗುವಿನ ಹೆಸರಿನಲ್ಲಿ ಮೈಸೂರು ಪ್ರತಿ ವರ್ಷ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಮದರಾಸಿನಲ್ಲಿ ಕಂಪನಿ ಚಲಾಯಿಸುತ್ತಿದ್ದ ವರಹ, ಕೊಡಲು ಒಪ್ಪಿತು. ಅದೂ ಹನ್ನೆರಡು ಸಮ ಕಂತುಗಳಲ್ಲಿ. ತಿಂಗಳಿಗೆ ಐವತ್ತೆಂಟು ಸಾವಿರಕ್ಕೂ ಹೆಚ್ಚು ವರಹ. ಮಳೆ ಬಂದರೂ ಅಷ್ಟೇ, ಬರ ಬಿದ್ದರೂ ಅಷ್ಟೇ. ಈ ಹಣ ಕೈತಪ್ಪಬಹುದು ಎಂದು ಗವರ್ನರ್ ಜನರಲ್‌ಗೆ ಅನುಮಾನ ಬಂದರೆ ಸಾಕು, ರಾಜ್ಯವನ್ನೋ ಅದರ ಒಂದು ಭಾಗವನ್ನೋ ಕಂಪನಿಯೇ ವಹಿಸಿಕೊಳ್ಳಬಹುದು ಎನ್ನುವ ಮಾತೂ ಅದರಲ್ಲಿದೆ.

ಒಪ್ಪಂದವನ್ನು ನಾನು ಜಮಾ-ಖರ್ಚಿನ ಲೆಕ್ಕದಂತೆ ಬರೆದುಕೊಳ್ಳುತ್ತ ಹೋದೆ. 1807ರಲ್ಲಿ ಇನ್ನೊಂದು ಕರಾರು: ಕಂಪನಿಯ ಕೆಲಸಕ್ಕೆ ಒದಗುವಂತೆ ಮೈಸೂರು 4,000 ಕುದುರೆ ಸವಾರರನ್ನು ಸಾಕಬೇಕು. ಶ್ರೀರಂಗಪಟ್ಟಣದ ದ್ವೀಪ ಕಂಪನಿಯ ಸ್ವತ್ತಾಗಿತ್ತು. ಅದಕ್ಕೆ ಮೈಸೂರು ವರ್ಷಕ್ಕೆ 50,000 ರೂಪಾಯಿ ಬಾಡಿಗೆ ಕಟ್ಟುತ್ತಿತ್ತು, 1881ರವರೆಗೂ. ಇದನ್ನು ತರಗತಿಯಲ್ಲಿ ಹೇಳಿದಾಗ ಶ್ರೀರಂಗಪಟ್ಟಣದಿಂದಲೇ ಬರುವ ಮಕ್ಕಳ ಮುಖ ನೋಡಬೇಕು.

ಆದರೆ ಈ ವರಹ ಹುಟ್ಟುತ್ತಿದ್ದದ್ದು ಎಲ್ಲಿ? ಅದಕ್ಕೆ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟದ್ದನ್ನು ಓದಬೇಕಾಯಿತು. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಈ ವೈದ್ಯನನ್ನು ಮೈಸೂರು, ಕೆನರಾ, ಮಲಬಾರುಗಳಿಗೆ ಕಳಿಸಿದ. ಅವನ ದಿನಚರಿ 1807ರಲ್ಲಿ ಅಚ್ಚಾಯಿತು. ಅದನ್ನು ಓದುವವರು ಮೊದಲು ಅವನಿಗೆ ಕೊಟ್ಟ ಆದೇಶವನ್ನು ಓದಬೇಕು ಎಂಬುದು ನನ್ನ ಹಟ. ಬೇಸಾಯ ಹೇಗಿದೆ, ಹತ್ತಿ, ಮೆಣಸು, ಗಂಧ, ಏಲಕ್ಕಿಯ ಸ್ಥಿತಿ ಏನು, ಗಣಿಗಳೆಲ್ಲಿ, ಏನು ನೇಯುತ್ತಾರೆ: ಕೇಳಿದ್ದೆಲ್ಲ ಆದಾಯ ತರುವ ಸಂಗತಿಗಳೇ. ಅದು ತಿಳಿದ ಮೇಲೆ ಅವನ ಒಂದೊಂದು ಪುಟವೂ ಬೇರೆ ರೀತಿ ತೆರೆದುಕೊಳ್ಳುತ್ತದೆ.

ಭತ್ತದ ರಾಶಿ ಹಂಚುವುದನ್ನು ಅವನು ಬರೆದ ಭಾಗವನ್ನು ನಾನು ಸಾಲು ಸಾಲಾಗಿ ಪಟ್ಟಿ ಮಾಡಿದೆ. ಸರ್ಕಾರಕ್ಕೂ ರೈತನಿಗೂ ಪಾಲಾಗುವ ಮೊದಲೇ ಕಣದಲ್ಲಿ ಎಷ್ಟು ಕೈಗಳು ಚಾಚಿಕೊಳ್ಳುತ್ತವೆ! ದೇವರಿಗೆ, ಭಿಕ್ಷುಕರಿಗೆ, ಜೋಯಿಸನಿಗೆ, ಕ್ಷೌರಿಕ, ಕುಂಬಾರ, ಕಮ್ಮಾರ, ಅಗಸರಿಗೆ, ಅಳೆಯುವವನಿಗೆ, ಗೌಡ-ಶ್ಯಾನುಭೋಗರಿಗೆ, ನೀರುಗಂಟಿಗೆ ಸೇರುಗಳ ಲೆಕ್ಕದಲ್ಲಿ ಎತ್ತಿಟ್ಟ ಮೇಲೆ ಉಳಿದದ್ದು ಅರ್ಧರ್ಧ. ಬುಕಾನನ್‌ಗೆ ಇದು ಸರ್ಕಾರಕ್ಕೆ ಎಷ್ಟು ಸಿಗುತ್ತದೆ ಎಂಬ ಮಾಹಿತಿ. ನನಗೆ ಅದು ಒಂದು ಊರು ಬದುಕುತ್ತಿದ್ದ ಬಗೆ. ಆಳುವವರಿಗಾಗಿ ಬರೆದ ದಾಖಲೆಯಲ್ಲಿ ಆಳಿಸಿಕೊಂಡವರನ್ನು ಓದುವ ಕ್ರಮವನ್ನು ಇತಿಹಾಸಕಾರ ರಣಜಿತ್ ಗುಹಾ ಮತ್ತು ಅವರ ಜೊತೆಗಾರರ ಬರಹಗಳಿಂದ ಕಲಿತಿದ್ದೆ. ಅದು ಕೈಗೆ ಹತ್ತಿದ್ದು ಈ ಕಣದ ಪುಟದಲ್ಲೇ.

ಕಣದಿಂದ ಖಜಾನೆಗೆ ಹೋಗುವ ದಾರಿ ನಗರ (ಬಿದನೂರು) ಸೀಮೆಯ ದಂಗೆಯ ಕಾಗದಗಳಲ್ಲಿ ಸಿಗುತ್ತದೆ. ತಾಲ್ಲೂಕಿನ ಕಂದಾಯ ಅಧಿಕಾರಿಗಳಾದ ಅಮಲ್ದಾರರು ಇಷ್ಟು ಕಂದಾಯ ಎತ್ತಿಯೇ ಕೊಡುತ್ತೇವೆಂದು ಬರೆದುಕೊಡುವ ಶರತ್ತು ಪದ್ಧತಿ ಆಗ ಜಾರಿಯಲ್ಲಿತ್ತು. ಆ ಮೊತ್ತ ಮುಟ್ಟಿಸಲು ರೈತನನ್ನು ಹಿಂಡುವುದು ಬಿಟ್ಟು ಬೇರೆ ಉಪಾಯವಿರಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲ ಎಂದು ಎದ್ದರು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ಹಣ ಕೈತಪ್ಪುವ ಅನುಮಾನ ಬಂದರೆ ರಾಜ್ಯ ವಹಿಸಿಕೊಳ್ಳಬಹುದು ಎಂಬ ಒಪ್ಪಂದದ ಅದೇ ಮಾತನ್ನು ಹಿಡಿದು ಆಡಳಿತವನ್ನು ಅರಸರ ಕೈಯಿಂದ ತೆಗೆದುಕೊಂಡ. ದಂಗೆಯ ವಿಚಾರಣಾ ಸಮಿತಿಯ ನಾಲ್ವರಲ್ಲಿ ಒಬ್ಬನಾಗಿದ್ದ ಮಾರ್ಕ್ ಕಬ್ಬನ್‌ನೇ ಮುಂದೆ 1834ರಿಂದ 1861ರವರೆಗೆ ಕಮಿಷನರ್. 1834ರಲ್ಲಿ ರಾಜ್ಯದ ಬಹುಭಾಗವನ್ನು ಹಿಂದಿರುಗಿಸಬಹುದು ಎಂದು ಸ್ವತಃ ಬೆಂಟಿಂಕ್ ಸೂಚಿಸಿದರೂ ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಅರಸರ ದುಂದುವೆಚ್ಚವೇ ದಂಗೆಗೆ ಕಾರಣ ಎಂದು ಎಲ್ಲರೂ ಬರೆಯುತ್ತಾರೆ. ದುಂದು ಇತ್ತು, ನಿಜ. ಆದರೆ ತಿಂಗಳು ತಿಂಗಳೂ ತಪ್ಪದ ಆ ಕಂತನ್ನು ಪಕ್ಕದಲ್ಲಿಡದೆ ದುಂದನ್ನು ಮಾತ್ರ ತೂಗುವುದು ನ್ಯಾಯವಲ್ಲ.

ಇಷ್ಟನ್ನು ಓದಿಸಿದ ಮೇಲೆಯೇ ನಾನು ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುವುದು. ದರಿಯಾ ದೌಲತ್, ಗುಂಬಜ್ ಅವರಿಗೆ ಗೊತ್ತು. ನಾನು ಮೊದಲು ನಿಲ್ಲಿಸುವುದು ದಂಡಿನ ಸ್ಮಶಾನದಲ್ಲಿ. ಅಲ್ಲಿ ಕಂಪನಿಯ ಸೇವೆಯಲ್ಲಿದ್ದ ಸ್ವಿಸ್ ಡಿ ಮ್ಯೂರನ್ ದಳದವರ ಗೋರಿಗಳಿವೆ. ಹಲವರನ್ನು ಕೊಂದದ್ದು ಯುದ್ಧವಲ್ಲ, ಈ ನೀರಿನ ಬಯಲಿನ ಜ್ವರ. 1809ರಲ್ಲಿ ದಂಡು ಬೆಂಗಳೂರಿಗೆ ಹೋಗಲು ಆ ಜ್ವರವೇ ಕಾರಣ. ಒಪ್ಪಂದದ ಹಣ ಯಾವ ಸೈನ್ಯವನ್ನು ಸಾಕಲು ಹೋಗುತ್ತಿತ್ತು ಎಂಬುದು ಆ ಕಲ್ಲುಗಳ ಮುಂದೆ ನಿಂತಾಗ ವಿವರಿಸದೆ ತಿಳಿಯುತ್ತದೆ.

ಲೆಕ್ಕ ಇನ್ನೂ ಮುಗಿದಿಲ್ಲ. 7 ಲಕ್ಷ ವರಹ ರೂಪಾಯಿಯಲ್ಲಿ 24.5 ಲಕ್ಷ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸುವಾಗ ಅದನ್ನು 35 ಲಕ್ಷಕ್ಕೆ ಏರಿಸಿದರು, ಏರಿಕೆಯ ವಸೂಲಿಯನ್ನು ಕೆಲವು ವರ್ಷ ಮುಂದೂಡಿದರು. ಹೆಚ್ಚಿಸಿದ 10.5 ಲಕ್ಷ ಮನ್ನಾ ಆಗಲು 1927 ಬರಬೇಕಾಯಿತು. ಮನ್ನಾ ಪ್ರಕಟಿಸಿದ ವೈಸರಾಯ್ ಇರ್ವಿನ್ ಹೆಸರನ್ನೇ ಮಂಡ್ಯಕ್ಕೆ ನೀರು ತಂದ ನಾಲೆಗೂ ಇಟ್ಟರು, ಇಂದಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅದೇ. ಮನ್ನಾದಿಂದ ಉಳಿದ ಆ ಹಣ ಸಂಸ್ಥಾನದ ಆಯವ್ಯಯದಲ್ಲಿ ಯಾವ ಕಡೆ ಹರಿಯಿತು, ನಾಲೆಯ ಕೆಳಗಿನ ರೈತನ ಮೇಲೆ ಬಿದ್ದ ನೀರ್ಗಂದಾಯ ಎಷ್ಟು ಎಂಬುದನ್ನು ಈಗ ನೋಡುತ್ತಿದ್ದೇನೆ.

ಸರ್ಕಾರಿ ಕಡತಗಳಷ್ಟೇ ಇದಕ್ಕೆ ಸಾಲವು. ಮದ್ದೂರು, ಮಳವಳ್ಳಿ, ಪಾಂಡವಪುರ ಕಡೆಯ ಶ್ಯಾನುಭೋಗ ಮನೆತನಗಳ ಅಟ್ಟದಲ್ಲಿ ಹಳೆಯ ಕಂದಾಯದ ಲೆಕ್ಕ, ರಸೀದಿ, ಪಹಣಿ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮೊಬೈಲ್‌ನಲ್ಲಿ ಒಂದೊಂದು ಹಾಳೆಯ ಎರಡೂ ಬದಿಯ ಚಿತ್ರ ತೆಗೆಯಿರಿ, ಯಾವ ಊರಿನದು ಎಂದು ಬರೆದಿಡಿ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೆ ತೋರಿಸಿ.